ಅಬ್ಬೆ ದುಬ್ವಾನ ಸಾಕ್ಷ್ಯವೂ ನಾವು ಓದದ ಹಸ್ತಪ್ರತಿಯೂ

ಇನ್ನೂರು ವರ್ಷಗಳ ಹಿಂದಿನ ಮೈಸೂರು ಸೀಮೆಯ ಆಚಾರ, ವ್ಯವಹಾರ, ಮತಪದ್ಧತಿಗಳನ್ನು ಕುರಿತು ಕನ್ನಡದಲ್ಲಿ ಬರೆಯುವವರಿಗೆ ಒಬ್ಬ ಸಾಕ್ಷಿ ಸದಾ ಸಿದ್ಧನಾಗಿರುತ್ತಾನೆ. ಆತನೇ ಫ್ರೆಂಚ್ ಪಾದ್ರಿ ಅಬ್ಬೆ ದುಬ್ವಾ. ನಮ್ಮಲ್ಲಿ ದುಬಾಯ್ ಎಂದು ಬರೆಯುವವರೂ ಉಂಟು. ಸಹಗಮನದ ವಿಚಾರ ಬಂದರೆ ದುಬ್ವಾ, ಜಾತಿಗಳ ಬಲಗೈ ಎಡಗೈ ಜಗಳ ಬಂದರೆ ದುಬ್ವಾ, ಬ್ರಾಹ್ಮಣರ ನಿತ್ಯಕರ್ಮ ಬಂದರೆ ದುಬ್ವಾ, ಜೈನರು ಬ್ರಾಹ್ಮಣರಿಂದ ಯಾವ ಯಾವ ವಿಷಯಗಳಲ್ಲಿ ಭಿನ್ನರೆಂಬ ಚರ್ಚೆ ಬಂದರೂ ದುಬ್ವಾ. ಪ್ರತಿ ಸಲವೂ ಆತನ ಹೆಸರಿನ ಹಿಂದೆ ‘ಮೂವತ್ತು ವರ್ಷ ನಮ್ಮ ಜನರ ನಡುವೆಯೇ ಬಾಳಿ ಕಣ್ಣಾರೆ ಕಂಡು ಬರೆದ’ ಎಂಬ ವಿಶೇಷಣವೊಂದು ತಪ್ಪದೆ ಬಂದು ಕೂಡುತ್ತದೆ. ಆ ವಿಶೇಷಣವಿಲ್ಲದೆ ಆತನ ಮಾತಿಗೆ ಇಷ್ಟು ಬೆಲೆ ಬರುತ್ತಿರಲಿಲ್ಲ.

ಈ ಲೇಖನದ ಉದ್ದೇಶ ಆ ವಿಶೇಷಣವನ್ನು ಪ್ರಶ್ನಿಸುವುದು. ದುಬ್ವಾನ ಪ್ರಸಿದ್ಧ ಗ್ರಂಥದ ಬಹುಭಾಗ ಆತ ಮೈಸೂರಿನಲ್ಲಿ ಕಂಡದ್ದರ ದಾಖಲೆಯಲ್ಲ. ಆತ ಭಾರತಕ್ಕೆ ಬರುವ ಮೊದಲೇ ಇನ್ನೊಬ್ಬ ಪಾದ್ರಿ ಬರೆದಿಟ್ಟದ್ದರ ರೂಪಾಂತರ. ಇದು ನನ್ನ ಊಹೆಯಲ್ಲ. ಫ್ರೆಂಚ್ ವಿದುಷಿ ಸಿಲ್ವಿಯಾ ಮುರ್ ಅವರು 1987ರಲ್ಲಿಯೇ ಮೂಲ ಹಸ್ತಪ್ರತಿಯನ್ನು ಸಂಪಾದಿಸಿ, ಮುದ್ರಿಸಿ, ಜಗತ್ತಿನ ಮುಂದಿಟ್ಟಿದ್ದಾರೆ. ಮೂರು ದಶಕಗಳಿಗೂ ಹೆಚ್ಚು ಕಾಲ ಕಳೆದಿದ್ದರೂ ನಮ್ಮ ಬರಹಗಳಲ್ಲಿ ದುಬ್ವಾನ ಪೀಠ ಅಲುಗಿಲ್ಲ. ಇದಕ್ಕೆ ಕಾರಣ ಅಜ್ಞಾನಕ್ಕಿಂತ ಅನುಕೂಲ ಎಂದು ಹೇಳದೆ ವಿಧಿಯಿಲ್ಲ.

ಮೊದಲು ಗ್ರಂಥದ ಇತಿಹಾಸವನ್ನು ನೋಡೋಣ. ಝಾಂ ಆಂತ್ವಾನ್ ದುಬ್ವಾ ಪ್ಯಾರಿಸ್ಸಿನ ವಿದೇಶೀ ಮಿಶನ್ ಸಂಘಕ್ಕೆ ಸೇರಿದವನು. ಫ್ರಾನ್ಸಿನಲ್ಲಿ ಕ್ರಾಂತಿಯ ಬೆಂಕಿ ಉರಿಯುತ್ತಿದ್ದಾಗ, 1792ರಲ್ಲಿ, ಭಾರತಕ್ಕೆ ಬಂದನು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿನ ಕ್ರೈಸ್ತರನ್ನು ಮತ್ತೆ ಒಗ್ಗೂಡಿಸಲು ಮೈಸೂರು ಸೀಮೆಗೆ ಬಂದು ನೆಲೆಸಿದನು. ಜನ ಆತನನ್ನು ‘ದೊಡ್ಡ ಸ್ವಾಮಿಯವರು’ ಎಂದು ಕರೆಯುತ್ತಿದ್ದರು. ಸಿಡುಬಿನ ವಿರುದ್ಧ ದೇವಿ ಹಾಕಿಸುವ ಕಾರ್ಯದಲ್ಲಿ ಆತ ಪಟ್ಟ ಶ್ರಮ ನಿಜವಾದದ್ದು. ಅದನ್ನು ಯಾರೂ ಅಲ್ಲಗಳೆಯಬಾರದು. 1823ರಲ್ಲಿ ಕಂಪನಿಯ ಪಿಂಚಣಿ ಪಡೆದು ಸ್ವದೇಶಕ್ಕೆ ಮರಳಿ, ತನ್ನ ಸಂಘದ ಮುಖ್ಯಸ್ಥನೂ ಆಗಿ, 1848ರಲ್ಲಿ ತೀರಿಕೊಂಡನು.

ಆತನ ಫ್ರೆಂಚ್ ಹಸ್ತಪ್ರತಿ ಮೈಸೂರಿನ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್‌ನ ಕೈ ಸೇರಿ, ಅಲ್ಲಿಂದ ಮದರಾಸು ಸರ್ಕಾರಕ್ಕೆ ಹೋಯಿತು. ಗವರ್ನರ್ ಬೆಂಟಿಂಕ್ ಅದನ್ನು ಮೆಚ್ಚಿದನು. ಈಸ್ಟ್ ಇಂಡಿಯಾ ಕಂಪನಿ ಎರಡು ಸಾವಿರ ವರಹಗಳನ್ನು ಕೊಟ್ಟು ಅದನ್ನು ಕೊಂಡಿತು. 1816ರಲ್ಲಿ ಲಂಡನ್ನಿನಲ್ಲಿ ಇಂಗ್ಲಿಷ್ ಅನುವಾದ ಹೊರಬಂತು. ದುಬ್ವಾ ತಿದ್ದಿ ಬೆಳೆಸಿದ ಫ್ರೆಂಚ್ ಪಾಠ 1825ರಲ್ಲಿ ಪ್ಯಾರಿಸ್ಸಿನ ರಾಜಮುದ್ರಣಾಲಯದಲ್ಲಿ ಎರಡು ಸಂಪುಟಗಳಾಗಿ ಅಚ್ಚಾಯಿತು. 1897ರಲ್ಲಿ ಬ್ಯೂಚಾಂಪ್ ಎಂಬಾತ ಲೇಖಕನ ನಂತರದ ಹಸ್ತಪ್ರತಿಯಿಂದ ಮಾಡಿದ ಹೊಸ ಇಂಗ್ಲಿಷ್ ಅನುವಾದ ಆಕ್ಸ್‌ಫರ್ಡಿನಿಂದ ಪ್ರಕಟವಾಯಿತು. ಅದಕ್ಕೆ ಮುನ್ನುಡಿಯಾಗಿ ಮ್ಯಾಕ್ಸ್ ಮುಲ್ಲರನ ಮಾತುಗಳೂ ದೊರೆತವು. ನಮ್ಮ ಗ್ರಂಥಾಲಯಗಳಲ್ಲಿರುವುದು, ನಮ್ಮವರು ಉದ್ಧರಿಸುವುದು, ಬಹುಮಟ್ಟಿಗೆ ಈ 1897ರ ಪುಸ್ತಕವನ್ನೇ.

ಗಮನಿಸಬೇಕಾದ ಸಂಗತಿ ಇಲ್ಲಿಯೇ ಇದೆ. ಈ ಗ್ರಂಥ ಹುಟ್ಟಿದ್ದು ವ್ಯಕ್ತಿಯೊಬ್ಬನ ಖಾಸಗಿ ಹಸ್ತಪ್ರತಿಯಾಗಿ. ಬೆಲೆ ಕಟ್ಟಿಸಿಕೊಂಡದ್ದು ಆಡಳಿತಕ್ಕೆ ಉಪಯುಕ್ತವಾದ ಕೈಪಿಡಿಯಾಗಿ. ತಾವು ಆಳಬೇಕಾದ ಜನರ ರೀತಿನೀತಿಗಳನ್ನು ಹೇಳಿಕೊಡುವ, ಅವರ ನಡುವೆಯೇ ಇದ್ದವನೊಬ್ಬನ ಬರಹ ಕಂಪನಿಯ ಅಧಿಕಾರಿಗಳಿಗೆ ಬೇಕಾಗಿತ್ತು. ಮುನ್ನುಡಿಯಲ್ಲಿ ದುಬ್ವಾ ತಾನು ಇಲ್ಲಿನವರ ಉಡುಪನ್ನು ತೊಟ್ಟು, ಅವರ ಜೀವನಕ್ರಮವನ್ನು ಅನುಸರಿಸಿ, ಅವರ ವಿಶ್ವಾಸ ಗಳಿಸಿದ್ದನ್ನು ವಿವರಿಸುತ್ತಾನೆ. ಈ ‘ಕಣ್ಣಾರೆ ಕಂಡ’ ಗುಣವೇ ಹಸ್ತಪ್ರತಿಯ ಮಾರುಕಟ್ಟೆಯ ಬೆಲೆಯಾಗಿತ್ತು. ಕಂಪನಿ ಅದನ್ನು ನಂಬಿತು. ನಾವು ಇಂದಿಗೂ ನಂಬುತ್ತಿದ್ದೇವೆ.

ಈಗ ಇನ್ನೊಂದು ಹಸ್ತಪ್ರತಿಯ ಕಥೆ. ಲಂಡನ್ನಿನ ಇಂಡಿಯಾ ಆಫೀಸ್ ಗ್ರಂಥಾಲಯದಲ್ಲಿ 1777ರ ಕಾಲದ ಫ್ರೆಂಚ್ ಬರಹವೊಂದು ಉಳಿದಿತ್ತು. ಅದನ್ನು ಸಿದ್ಧಪಡಿಸಿದವನು ನಿಕೊಲಾ ದೆವೋ ಎಂಬ ಫ್ರೆಂಚ್ ಫಿರಂಗಿ ದಳದ ಅಧಿಕಾರಿ. ವಿಷಯ: ಭಾರತೀಯರ ನಡವಳಿಕೆಗಳು ಮತ್ತು ಸಂಪ್ರದಾಯಗಳು. ಸಿಲ್ವಿಯಾ ಮುರ್ ಅವರು ಈ ಬರಹವನ್ನೂ ದುಬ್ವಾನ ಗ್ರಂಥವನ್ನೂ ಅಕ್ಕಪಕ್ಕ ಇಟ್ಟು ಓದಿದರು. ಅಧ್ಯಾಯಗಳ ಯೋಜನೆ, ನಿರೂಪಣೆಯ ಕ್ರಮ, ಎಷ್ಟೋ ಕಡೆ ವಾಕ್ಯಗಳೂ ಒಂದನ್ನೊಂದು ಹೋಲುತ್ತಿದ್ದವು. 1777ರಲ್ಲಿ ದುಬ್ವಾ ಇನ್ನೂ ಫ್ರಾನ್ಸಿನಲ್ಲಿದ್ದ ಹುಡುಗ. ಆದ್ದರಿಂದ ಯಾರು ಯಾರಿಂದ ಪಡೆದರೆಂಬುದರಲ್ಲಿ ಸಂಶಯಕ್ಕೆ ಎಡೆಯೇ ಇಲ್ಲ. 1977ರಲ್ಲಿ ಪ್ರಕಟವಾದ ತಮ್ಮ ಮೊದಲ ಲೇಖನದಲ್ಲಿ ಮುರ್ ಅವರು ದೆವೋನೇ ನಿಜವಾದ ಕರ್ತೃವೇ ಎಂಬ ಪ್ರಶ್ನೆಯನ್ನು ಎತ್ತಿದರು. ಅಲ್ಲಿಗೇ ನಿಲ್ಲದೆ ಮತ್ತೆ ಹತ್ತು ವರ್ಷ ಶೋಧಿಸಿದರು. ದೆವೋನ ಬರಹದ ಹಿಂದೆಯೂ ಇನ್ನೊಬ್ಬನಿದ್ದನು: ಪುದುಚೇರಿಯ ಜೆಸ್ವಿಟ್ ಪಾದ್ರಿ ಗಾಸ್ತೋಂ ಲೊರಾಂ ಕೋರ್ದೂ. 1987ರಲ್ಲಿ ಪ್ರಾಚ್ಯ ಅಧ್ಯಯನಗಳ ಫ್ರೆಂಚ್ ಸಂಸ್ಥೆಯಿಂದ ಎರಡು ಸಂಪುಟಗಳು ಹೊರಬಂದವು. ಮೊದಲನೆಯದು ಹಸ್ತಪ್ರತಿಯ ಪಾಠ, ಎರಡನೆಯದು ಕೋರ್ದೂವಿನ ವಿದ್ವತ್ತಿನ ವಿಮರ್ಶೆ.

ಕೋರ್ದೂ 1691ರಲ್ಲಿ ಹುಟ್ಟಿ, 1732ರಲ್ಲಿ ಭಾರತಕ್ಕೆ ಬಂದು, 1779ರಲ್ಲಿ ಪುದುಚೇರಿಯಲ್ಲಿ ಮಡಿದವನು. ನಲವತ್ತೇಳು ವರ್ಷ ಇಲ್ಲಿದ್ದು ಸಂಸ್ಕೃತ, ತೆಲುಗು ಭಾಷೆಗಳನ್ನು ಕಲಿತವನು. ಹತ್ತಿಬಟ್ಟೆಗೆ ಬಣ್ಣ ಹಾಕುವ ನಮ್ಮ ಕುಶಲಕರ್ಮಿಗಳ ವಿಧಾನವನ್ನು 1742ರಲ್ಲಿ ಪತ್ರಮುಖೇನ ಹಂತಹಂತವಾಗಿ ವಿವರಿಸಿದವನು. ಆತನ ಬಾಳಿನ ಕೊನೆಯಲ್ಲಿ, 1773ರಲ್ಲಿ, ಪೋಪನೇ ಜೆಸ್ವಿಟ್ ಸಂಘವನ್ನು ವಿಸರ್ಜಿಸಿದನು. 1776ರಲ್ಲಿ ಪುದುಚೇರಿಯ ಮಿಶನ್ನಿನ ಹೊಣೆ ಪ್ಯಾರಿಸ್ಸಿನ ವಿದೇಶೀ ಮಿಶನ್ ಸಂಘಕ್ಕೆ ಬಂತು. ಅದೇ ಸಂಘದ ಪಾದ್ರಿಯಾಗಿ ದುಬ್ವಾ ಹದಿನಾರು ವರ್ಷಗಳ ತರುವಾಯ ಬಂದನು. ಒಡೆಯರಿಲ್ಲದ ಕಾಗದಗಳು ಉತ್ತರಾಧಿಕಾರಿಗಳ ಕೈಸೇರುವುದು ಸಹಜ. ಸಹಜವಲ್ಲದ್ದು ಒಂದೇ: ಪುಸ್ತಕದ ಮುಖಪುಟದಲ್ಲಿ ಕೋರ್ದೂವಿನ ಹೆಸರು ಇಲ್ಲದಿರುವುದು.

ಇದರಿಂದ ನಮಗೇನು ನಷ್ಟ ಎಂದು ಕೇಳುವವರಿದ್ದಾರೆ. ನಷ್ಟ ಎರಡು ಬಗೆಯದು.

ಮೊದಲನೆಯದು ದೇಶಕಾಲಗಳ ಗೊಂದಲ. ಕೋರ್ದೂ ಬಾಳಿದ್ದು ಪುದುಚೇರಿಯಲ್ಲಿ ಮತ್ತು ತೆಲುಗು ಸೀಮೆಯ ಮಿಶನ್ನಿನಲ್ಲಿ; ಆತ ವಿವರಿಸಿದ್ದು ಹದಿನೆಂಟನೆಯ ಶತಮಾನದ ಮಧ್ಯಭಾಗವನ್ನು. ದುಬ್ವಾನ ಹೆಸರಿನಲ್ಲಿ ಅದನ್ನು ಓದುವ ನಾವು ಮೈಸೂರಿನ 1800ರಿಂದ 1820ರವರೆಗಿನ ಸ್ಥಿತಿಯೆಂದು ಗ್ರಹಿಸುತ್ತೇವೆ. ಈ ನಡುವೆ ಹೈದರನ ಆಳ್ವಿಕೆ ಬಂದು ಹೋಗಿದೆ, ಟಿಪ್ಪುವಿನ ಆಳ್ವಿಕೆ ಬಂದು ಹೋಗಿದೆ, ನಾಲ್ಕು ಯುದ್ಧಗಳು ನಡೆದಿವೆ, ಪೂರ್ಣಯ್ಯನ ದಿವಾನಗಿರಿ ಆರಂಭವಾಗಿದೆ. ತಮಿಳು ತೆಲುಗು ಕರಾವಳಿಯ ಐವತ್ತು ವರ್ಷ ಹಳೆಯ ಸಂಗತಿಯನ್ನು ಕಾವೇರಿಯ ದಡದ ಸಮಕಾಲೀನ ಸಂಗತಿಯೆಂದು ಬರೆದರೆ ಅದು ಇತಿಹಾಸವಾಗುವುದಿಲ್ಲ. ಶಾಸನವೊಂದರ ಕಾಲವನ್ನು ಐವತ್ತು ವರ್ಷ ತಪ್ಪಾಗಿ ಹೇಳಿದವನನ್ನು ನಮ್ಮ ವಿದ್ವಾಂಸರು ಗೋಷ್ಠಿಗಳಲ್ಲಿ ಎದ್ದುನಿಂತು ಖಂಡಿಸುತ್ತಾರೆ. ಅದೇ ವಿದ್ವಾಂಸರು ದುಬ್ವಾನನ್ನು ಉದ್ಧರಿಸುವಾಗ ಅದೇ ತಪ್ಪನ್ನು ಕಣ್ಣುಮುಚ್ಚಿ ಮಾಡುತ್ತಾರೆ.

ಎರಡನೆಯದು ಮಾಹಿತಿದಾರರ ಅಳಿವು. ಯಾವ ಪಾದ್ರಿಯೂ ಗರ್ಭಾಧಾನದಿಂದ ಅಂತ್ಯೇಷ್ಟಿಯವರೆಗಿನ ಎಲ್ಲ ಸಂಸ್ಕಾರಗಳನ್ನು ತಾನೇ ನಿಂತು ನೋಡಿರಲಾರ. ಯಾರೋ ಹೇಳಿರಬೇಕು, ಯಾವುದೋ ಗ್ರಂಥವನ್ನು ಯಾರೋ ಓದಿ ತಿಳಿಸಿರಬೇಕು. ಕೋರ್ದೂವಿನ ಹೆಸರು ಅಳಿಸಿದಾಗ ಆತನಿಗೆ ಪಾಠ ಹೇಳಿದ ಪಂಡಿತರೂ ಅವನೊಡನೆ ಅಳಿಸಿಹೋದರು. ಉಳಿದದ್ದು ಎಲ್ಲವನ್ನೂ ನೋಡಿದ, ಎಲ್ಲವನ್ನೂ ಬಲ್ಲ ಒಬ್ಬ ಯುರೋಪಿಯನ್ನನ ಧ್ವನಿ ಮಾತ್ರ.

ಜೈನರ ವಿಚಾರಕ್ಕೆ ಬಂದಾಗ ಈ ವ್ಯತ್ಯಾಸ ಇನ್ನೂ ಸ್ಫುಟವಾಗುತ್ತದೆ. ದುಬ್ವಾನ ಗ್ರಂಥದ ಅನುಬಂಧದಲ್ಲಿ ಜೈನರ ಬಗೆಗೂ ಅವರಿಗೂ ಬ್ರಾಹ್ಮಣರಿಗೂ ಇರುವ ಭೇದಗಳ ಬಗೆಗೂ ಒಂದು ಪ್ರಕರಣವಿದೆ. ಜೈನ ಸಮಾಜದ ಸ್ಮರಣಸಂಚಿಕೆಗಳಲ್ಲಿ ಅದನ್ನು ಹೆಮ್ಮೆಯಿಂದ ಉದ್ಧರಿಸುವ ವಾಡಿಕೆಯೂ ಇದೆ. ವಿದೇಶೀಯನೊಬ್ಬ ನಮ್ಮ ಪ್ರಾಚೀನತೆಯನ್ನು ಒಪ್ಪಿದನಲ್ಲ ಎಂಬ ಸಂತೋಷ ಅದರ ಹಿಂದಿದೆ. ಆದರೆ ಅದೇ ಕಾಲದಲ್ಲಿ, 1807ರಲ್ಲಿ, ಕಲ್ಕತ್ತೆಯ ಏಷ್ಯಾಟಿಕ್ ರಿಸರ್ಚಸ್ ಎಂಬ ನಿಯತಕಾಲಿಕದ ಒಂಬತ್ತನೆಯ ಸಂಪುಟದಲ್ಲಿ ಕಾಲಿನ್ ಮೆಕೆಂಜಿ ಸಂಗ್ರಹಿಸಿದ ಜೈನವೃತ್ತಾಂತಗಳು ಅಚ್ಚಾದವು. ಅಲ್ಲಿ ಒಂದು ವೃತ್ತಾಂತದ ತಲೆಬರಹವೇ ಅದು ಮುದ್ಗೇರಿ ಎಂಬ ಊರಿನ ಜೈನ ಪುರೋಹಿತನಿಂದ ಪಡೆದದ್ದೆಂದೂ ಅನುವಾದಿಸಿದವನು ಕಾವಲಿ ಬೋರಯ್ಯನೆಂಬ ಬ್ರಾಹ್ಮಣನೆಂದೂ ತಿಳಿಸುತ್ತದೆ. ಇನ್ನೊಂದು, ಬೆಳಗೊಳದ ಚಾರುಕೀರ್ತಿ ಆಚಾರ್ಯರಿಂದ ಪಡೆದ ಟಿಪ್ಪಣಿಗಳು. ಹೇಳಿದವರು ಯಾರು, ಎಲ್ಲಿಯವರು, ಭಾಷಾಂತರ ಯಾರದು ಎಂಬುದನ್ನೆಲ್ಲ ಸೈನ್ಯಾಧಿಕಾರಿಯೊಬ್ಬನ ವರದಿ ದಾಖಲಿಸಿತು. ಶ್ರವಣಬೆಳಗೊಳದ ಪೀಠದ ಮಾತು ಆ ಪೀಠದ ಹೆಸರಿನಲ್ಲೇ ಉಳಿಯಿತು. ದುಬ್ವಾನ ಪ್ರಕರಣದಲ್ಲಿ ಅಂಥ ಒಂದೇ ಒಂದು ಬಾಯಿಗೂ ಹೆಸರಿಲ್ಲ. ನಾವು ಉದ್ಧರಿಸಬೇಕಾದದ್ದು ಯಾವುದನ್ನು? ಉದ್ಧರಿಸುತ್ತಿರುವುದು ಯಾವುದನ್ನು?

ಈ ವಾದಕ್ಕೆ ಬರುವ ಆಕ್ಷೇಪಗಳನ್ನು ನಾನು ಬಲ್ಲೆ.

‘ಅಂದಿನ ಕಾಲದಲ್ಲಿ ಒಬ್ಬರದನ್ನು ಒಬ್ಬರು ಬಳಸಿಕೊಳ್ಳುವುದು ದೋಷವೆನಿಸುತ್ತಿರಲಿಲ್ಲ, ನಮ್ಮ ಹಳೆಯ ಕವಿಗಳೂ ಟೀಕಾಕಾರರೂ ಹಾಗೆಯೇ ಮಾಡಿದ್ದಾರೆ’ ಎಂಬುದು ಮೊದಲ ಆಕ್ಷೇಪ. ನಮ್ಮ ಪರಂಪರೆ ಪದ್ಯಗಳನ್ನೂ ಕಥೆಗಳನ್ನೂ ಧಾರಾಳವಾಗಿ ಸ್ವೀಕರಿಸಿದೆ, ನಿಜ. ಆದರೆ ಅದೇ ಪರಂಪರೆಯ ಕವಿ ಗ್ರಂಥಾರಂಭದಲ್ಲಿ ಸಮಂತಭದ್ರ, ಕವಿಪರಮೇಷ್ಠಿ, ಪೂಜ್ಯಪಾದರನ್ನು ಸ್ಮರಿಸಿಯೇ ಮುಂದೆ ಸಾಗುತ್ತಾನೆ. ಗ್ರಂಥಾಂತ್ಯದ ಪ್ರಶಸ್ತಿಯಲ್ಲಿ ಬರೆಯಿಸಿದವರ ಹೆಸರು, ಬರೆದ ಲಿಪಿಕಾರನ ಹೆಸರು, ತಿಥಿ ವಾರ ಸಂವತ್ಸರಗಳು ದಾಖಲಾಗುತ್ತವೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆ ಅದನ್ನು ಪೊನ್ನನ ಕೃತಿಯೆಂದೇ ಹಂಚಿದಳು. ಶಾಸ್ತ್ರದಾನಕ್ಕೂ ಶಾಸ್ತ್ರಾಪಹಾರಕ್ಕೂ ವ್ಯತ್ಯಾಸವಿದೆ. ಎರಡು ಸಾವಿರ ವರಹಗಳು ಕೈಬದಲಾದ ಮೇಲೆ ಆ ವ್ಯತ್ಯಾಸ ಇನ್ನೂ ದೊಡ್ಡದಾಗುತ್ತದೆ.

‘ಯಾರು ಬರೆದರೇನು, ವಿಷಯ ಸರಿಯಿದ್ದರೆ ಸಾಲದೇ’ ಎಂಬುದು ಎರಡನೆಯದು. ಸಾಕ್ಷ್ಯದ ವಿಷಯದಲ್ಲಿ ಸಾಲದು. ಪ್ರತ್ಯಕ್ಷ, ಅನುಮಾನ, ಆಗಮ ಎಂಬ ಭೇದಗಳನ್ನು ಸೂಕ್ಷ್ಮವಾಗಿ ವಿವೇಚಿಸಿದ ನ್ಯಾಯಗ್ರಂಥಗಳ ನಾಡಿನವರು ನಾವು. ಕೇಳಿದ್ದನ್ನು ಕಂಡದ್ದೆಂದು ಹೇಳುವ ವಾಕ್ಯದ ಪ್ರಾಮಾಣ್ಯ ಎಷ್ಟೆಂದು ಅಕಲಂಕ, ವಿದ್ಯಾನಂದರನ್ನು ಓದಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

‘ದುಬ್ವಾ ತನ್ನ ಸ್ವಂತ ಅನುಭವಗಳನ್ನೂ ಸೇರಿಸಿದ್ದಾನಲ್ಲ’ ಎಂಬುದು ಮೂರನೆಯದು. ಖಂಡಿತ ಸೇರಿಸಿದ್ದಾನೆ. ಮೈಸೂರು ಸೀಮೆಯ ಘಟನೆಗಳು, ಆತನ ಕಾಲದ ಸಂಗತಿಗಳು ಗ್ರಂಥದಲ್ಲಿ ಅಲ್ಲಲ್ಲಿ ಇವೆ. ಅವು ಅಮೂಲ್ಯವಾದವು. ಅದಕ್ಕಾಗಿಯೇ ಅವನ್ನು ಬೇರ್ಪಡಿಸಿ ತೋರಿಸಬೇಕು. 1777ರ ಪಾಠದಲ್ಲಿ ಇರುವುದು ಯಾವುದು, 1816ರಲ್ಲಿ ಸೇರಿದ್ದು ಯಾವುದು, 1825ಕ್ಕೆ ಬೆಳೆದದ್ದು ಯಾವುದು ಎಂದು ಪದರ ಪದರವಾಗಿ ಬಿಡಿಸುವ ಕೆಲಸಕ್ಕೆ ಗ್ರಂಥಸಂಪಾದನೆ ಎಂದು ಹೆಸರು. ವಡ್ಡಾರಾಧನೆಯ ಒಂದೊಂದು ಪಾಠಾಂತರಕ್ಕೂ ಅಡಿಟಿಪ್ಪಣಿ ಹಾಕಿದ ಪರಂಪರೆ ನಮ್ಮದು. ಆ ಎಚ್ಚರ ಓಲೆಗರಿಗೆ ಬೇಕು, ಅಚ್ಚಾದ ಇಂಗ್ಲಿಷ್ ಪುಸ್ತಕಕ್ಕೆ ಬೇಡ ಎಂಬ ನಿಯಮವನ್ನು ಯಾರು ಮಾಡಿದರು?

ಕೋರ್ದೂವಿಗೆ ಇದೇ ಬಗೆಯ ಅನ್ಯಾಯ ಇನ್ನೊಮ್ಮೆಯೂ ಆಯಿತು. ಅದಕ್ಕೆ ಒಂದು ಪತ್ರವೇ ಸಾಕ್ಷಿ. 1767ರಲ್ಲಿ ಆತ ಪ್ಯಾರಿಸ್ಸಿನ ಶಾಸನ ಮತ್ತು ಸಾಹಿತ್ಯ ಅಕಾಡೆಮಿಯ ವಿದ್ವಾಂಸರಿಗೆ ಒಂದು ಪ್ರಶ್ನೆಯನ್ನು ಬರೆದು ಕಳುಹಿಸಿದನು: ಸಂಸ್ಕೃತದಲ್ಲಿ ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳೊಡನೆ, ವಿಶೇಷವಾಗಿ ಲ್ಯಾಟಿನ್ನಿನೊಡನೆ, ಇಷ್ಟೊಂದು ಪದಗಳು ಸಮಾನವಾಗಿರಲು ಕಾರಣವೇನು? ಶಬ್ದಗಳ ಪಟ್ಟಿಗಳನ್ನು ಮಾಡಿದನು, ವ್ಯಾಕರಣರೂಪಗಳ ಸಾಮ್ಯವನ್ನು ತೋರಿಸಿದನು, ಇವು ಒಂದೇ ಮೂಲದಿಂದ ಹೊರಟವಾಗಿರಬೇಕೆಂಬ ನಿರ್ಣಯಕ್ಕೂ ಬಂದನು. ಪತ್ರ ಪ್ಯಾರಿಸ್ಸಿಗೆ ತಲಪಿತು. ಆದರೆ ಅಚ್ಚಾದದ್ದು 1808ರಲ್ಲಿ, ಆಂಕೆತೀಲ್ ದ್ಯುಪೆರೋಂನ ಲೇಖನವೊಂದಕ್ಕೆ ಜೋಡಿಸಿದ ರೂಪದಲ್ಲಿ. ಈ ನಡುವೆ 1786ರ ಫೆಬ್ರವರಿಯಲ್ಲಿ ಕಲ್ಕತ್ತೆಯಲ್ಲಿ ಸರ್ ವಿಲಿಯಂ ಜೋನ್ಸ್ ತನ್ನ ಪ್ರಸಿದ್ಧ ಉಪನ್ಯಾಸ ಮಾಡಿಯಾಗಿತ್ತು. ಇಂದು ನಮ್ಮ ಭಾಷಾವಿಜ್ಞಾನದ ಪಠ್ಯಗಳು ಜೋನ್ಸನಿಂದ ಆರಂಭವಾಗುತ್ತವೆ. ಜೋನ್ಸ್ ಕದ್ದನೆಂದು ನಾನು ಹೇಳುವುದಿಲ್ಲ; ಆತ ತನ್ನ ದಾರಿಯಲ್ಲಿಯೇ ಅಲ್ಲಿಗೆ ಬಂದವನು. ನಾನು ಹೇಳುವುದು ಇಷ್ಟೇ: ಪತ್ರವೊಂದು ನಲವತ್ತು ವರ್ಷ ಕಡತದಲ್ಲಿ ಮಲಗಿದರೆ ಒಂದು ಶಾಸ್ತ್ರದ ಆದಿಪರ್ವವೇ ಬೇರೆಯವರ ಹೆಸರಿಗೆ ಹೋಗುತ್ತದೆ.

ಕನ್ನಡನಾಡಿನ ಇತಿಹಾಸಕ್ಕೆ ಫ್ರೆಂಚ್ ಕಾಗದಗಳು ಎಷ್ಟು ಬೇಕಾದವೆಂಬುದಕ್ಕೆ ದುಬ್ವಾನೊಬ್ಬನೇ ನಿದರ್ಶನವಲ್ಲ. ಟಿಪ್ಪುವಿನ ರಾಯಭಾರಿಗಳು 1788ರಲ್ಲಿ ಹದಿನಾರನೆಯ ಲೂಯಿಯ ಆಸ್ಥಾನಕ್ಕೆ ಹೋದರು. 1797ರಲ್ಲಿ ರಿಪೋ ಎಂಬ ಫ್ರೆಂಚ್ ನಾವಿಕ ಮಂಗಳೂರಿಗೆ ಬಂದಿಳಿದನು. ಮರುವರ್ಷದ ಜನವರಿಯಲ್ಲಿ ಮಾರಿಷಸ್ಸಿನ ಗವರ್ನರ್ ಮಲಾರ್ತಿಕ್ ಹೊರಡಿಸಿದ ಘೋಷಣೆಯನ್ನೇ ವೆಲ್ಲೆಸ್ಲಿ ಯುದ್ಧಕ್ಕೆ ನೆಪ ಮಾಡಿಕೊಂಡನು. 1799ರ ಮೇ ತಿಂಗಳಲ್ಲಿ ಪಟ್ಟಣ ಬಿದ್ದ ಮೇಲೆ ಅರಮನೆಯಲ್ಲಿ ಸಿಕ್ಕ ಕಾಗದಗಳನ್ನು ಇಂಗ್ಲಿಷರು ಆರಿಸಿ, ಅನುವಾದಿಸಿ, ಮುದ್ರಿಸಿದರು. ಶ್ರೀರಂಗಪಟ್ಟಣದ ‘ಜಾಕೊಬಿನ್ ಕ್ಲಬ್ಬು’ ಎಂಬ ಕಥೆ ಹರಡಿದ್ದು ಹೀಗೆ. ಟಿಪ್ಪುವನ್ನು ಹೊಗಳುವವರೂ ತೆಗಳುವವರೂ ಆ ಕಥೆಯನ್ನು ಸಮಾನ ಉತ್ಸಾಹದಿಂದ ಬಳಸುತ್ತಾರೆ. ಆ ಕಾಗದಗಳ ವಿಶ್ವಾಸಾರ್ಹತೆಯನ್ನು ಫ್ರೆಂಚ್ ಇತಿಹಾಸಕಾರ ಝಾಂ ಬುತ್ಯೇ ಅವರು 2005ರಲ್ಲಿ ತೀವ್ರವಾಗಿ ಪ್ರಶ್ನಿಸಿದರು. ಯುದ್ಧಕ್ಕೆ ಸಮರ್ಥನೆ ಬೇಕಾಗಿದ್ದವರ ಕೈಯಲ್ಲಿ ಅವು ರೂಪುಗೊಂಡ ಬಗೆಯನ್ನು ಪರಿಶೀಲಿಸಿದರು. ಆ ಚರ್ಚೆಯ ಪ್ರತಿಧ್ವನಿ ನಮ್ಮ ಟಿಪ್ಪು ಜಯಂತಿಯ ವಾಗ್ವಾದಗಳಲ್ಲಿ ಒಂದು ಸಲವಾದರೂ ಕೇಳಿಬಂತೇ? ಶತ್ರುವಿನ ಅನುವಾದವನ್ನು ಕೈಯಲ್ಲಿ ಹಿಡಿದು ಎರಡು ಪಕ್ಷಗಳವರೂ ಜಗಳವಾಡುತ್ತಿದ್ದಾರೆ.

ನೆರೆಯ ನಾಡಿನ ಒಂದು ಉದಾಹರಣೆಯನ್ನು ಇದರ ಪಕ್ಕದಲ್ಲಿಡುತ್ತೇನೆ. ಪುದುಚೇರಿಯಲ್ಲಿ ದ್ಯುಪ್ಲೆಯ ದುಭಾಷಿಯಾಗಿದ್ದ ಆನಂದರಂಗ ಪಿಳ್ಳೆ 1736ರಿಂದ 1761ರವರೆಗೆ ತಮಿಳಿನಲ್ಲಿ ದಿನಚರಿ ಬರೆದನು. ಹಡಗು ಬಂದದ್ದು, ಬೆಲೆ ಏರಿದ್ದು, ಗವರ್ನರನ ಹೆಂಡತಿ ಗದರಿದ್ದು, ಯುದ್ಧದ ವದಂತಿ ಬಂದದ್ದು ಎಲ್ಲವೂ ತಾರೀಖು ಸಹಿತ ಅದರಲ್ಲಿದೆ. ಮೈಸೂರಿನ ಸರ್ವಾಧಿಕಾರಿ ನಂಜರಾಜಯ್ಯ ತಿರುಚಿನಾಪಳ್ಳಿಗಾಗಿ ಹಣವನ್ನೂ ಸೈನ್ಯವನ್ನೂ ಸುರಿದ ವರ್ಷಗಳೂ ಆ ದಿನಚರಿಯ ಅವಧಿಯೊಳಗೇ ಬರುತ್ತವೆ. ಆ ಸಂಪುಟಗಳನ್ನು ಗಾಲ್ವಾ ಮೋಂಬ್ರೂಂ ಎಂಬ ಫ್ರೆಂಚ್ ಅಧಿಕಾರಿ 1846ರಲ್ಲಿ ಪಿಳ್ಳೆಯ ವಂಶದವರ ಮನೆಯಲ್ಲಿ ಕಂಡು ಪ್ರತಿ ಮಾಡಿಸಿದನು. ಏರಿಯೆಲ್ ಎಂಬಾತ ಮಾಡಿಸಿದ ಇನ್ನೊಂದು ಪ್ರತಿ ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯ ಸೇರಿತು. ಮೂಲದ ಕೆಲವು ಸಂಪುಟಗಳು ಕಳೆದೇಹೋದವು. ಪ್ರತಿಗಳಿದ್ದುದರಿಂದ ಮಾತು ಉಳಿಯಿತು. ಮದರಾಸು ಸರ್ಕಾರ 1904ರಿಂದ 1928ರವರೆಗೆ ಹನ್ನೆರಡು ಸಂಪುಟಗಳಲ್ಲಿ ಇಂಗ್ಲಿಷ್ ಅನುವಾದವನ್ನು ಹೊರತಂದಿತು. ಇಲ್ಲಿ ಮುಖಪುಟದಲ್ಲಿರುವುದು ಪಿಳ್ಳೆಯ ಹೆಸರೇ. ಕಂಡವನ ಹೆಸರಿನಲ್ಲಿಯೇ ಕಂಡದ್ದು ಉಳಿದರೆ ಇತಿಹಾಸಕ್ಕೆ ಎಷ್ಟು ಬಲ ಬರುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಈ ಮಾತುಗಳನ್ನೆಲ್ಲ ಕೇಳಿ ‘ಅವರು ನಮ್ಮ ಸೊತ್ತನ್ನು ಒಯ್ದರು, ಎಲ್ಲವನ್ನೂ ಹಿಂದಕ್ಕೆ ತರಿಸಬೇಕು’ ಎಂದು ಘೋಷಣೆ ಕೂಗುವವರೂ ಇದ್ದಾರೆ. ಅವರ ನೋವನ್ನು ನಾನು ತಿರಸ್ಕರಿಸುವುದಿಲ್ಲ. ಆದರೆ ನಮ್ಮ ಮನೆಯೊಳಗೇ ಇದ್ದದ್ದನ್ನು ನಾವು ಹೇಗೆ ನಡೆಸಿಕೊಂಡೆವು? ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿದ್ದ ಧವಲಾ ಓಲೆಗರಿಗಳಿಗೆ ಶತಮಾನಗಳ ಕಾಲ ದರ್ಶನ, ಪೂಜೆಗಳು ನಡೆದವು, ಓದು ನಡೆಯಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕೆಲಸ ಆರಂಭವಾದಾಗಲೂ ಪ್ರತಿ ಹೊರಗೆ ಹೋಗಕೂಡದೆಂಬ ನಿರ್ಬಂಧವಿತ್ತು. ಗಜಪತಿ ಶಾಸ್ತ್ರಿಗಳು ಗುಟ್ಟಾಗಿ ಮಾಡಿಟ್ಟುಕೊಂಡ ಇನ್ನೊಂದು ಪ್ರತಿ ಸಹಾರನಪುರಕ್ಕೆ ಹೋಯಿತು. ಅದರ ಸಂತತಿಯ ಪ್ರತಿಗಳಿಂದಲೇ 1939ರಲ್ಲಿ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಅಚ್ಚಾಯಿತು.

ಅಲ್ಲಿ ನಡೆದ ಒಂದು ಘಟನೆ ನನ್ನ ವಾದಕ್ಕೆ ಮುಕುಟಪ್ರಾಯವಾಗಿದೆ. ಸತ್ಪ್ರರೂಪಣೆಯ 93ನೆಯ ಸೂತ್ರದಲ್ಲಿ, ಮನುಷ್ಯಿನಿಯರ ಗುಣಸ್ಥಾನಗಳನ್ನು ಹೇಳುವಲ್ಲಿ, ‘ಸಂಜದ’ ಎಂಬ ಪದ ಆ ಪ್ರತಿಗಳಲ್ಲಿ ಇರಲಿಲ್ಲ. ಅರ್ಥಸಂಗತಿಯನ್ನು ನೋಡಿ ಅದು ಅಲ್ಲಿ ಇರಬೇಕೆಂದು ಸಂಪಾದಕರು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಸ್ತ್ರೀಯರ ಸಂಯಮಾಧಿಕಾರವನ್ನೇ ಮುಟ್ಟುವ ಪ್ರಶ್ನೆಯಾದುದರಿಂದ ಸಮಾಜದಲ್ಲಿ ದೊಡ್ಡ ವಿವಾದವೆದ್ದಿತು. ಪರವಾಗಿ ವಿರೋಧವಾಗಿ ಪುಸ್ತಿಕೆಗಳು ಬಂದವು. ಕೊನೆಗೆ ಮೂಡಬಿದಿರೆಯ ತಾಳೆಯೋಲೆಯನ್ನೇ ನೋಡಿದಾಗ ಆ ಪದ ಅಲ್ಲಿ ಇತ್ತು. ಒಂದು ಪದ! ಎಷ್ಟು ಪಾಂಡಿತ್ಯ, ಎಷ್ಟು ಶ್ರದ್ಧೆ, ಎಷ್ಟು ಕೋಪ ಆ ಒಂದು ಪದದ ಸುತ್ತ ವ್ಯಯವಾಯಿತು! ಮೂಲವನ್ನು ನೋಡುವುದರಿಂದ ಮಾತ್ರ ಅದು ತೀರ್ಮಾನವಾಯಿತು. ಈ ಪಾಠವನ್ನು ಕಲಿತ ಸಮಾಜ ದುಬ್ವಾನ ವಿಷಯದಲ್ಲಿ ಪ್ರತಿಯನ್ನೇ ಮೂಲವೆಂದು ನಂಬಿ ಕುಳಿತಿರುವುದು ವಿಚಿತ್ರವಾಗಿದೆ.

ಫ್ರೆಂಚ್ ಭಾಷೆ ನಮಗೆ ಹೊರಗಿನದೆಂಬ ಸಂಕೋಚಕ್ಕೂ ಅರ್ಥವಿಲ್ಲ. 1908ರಲ್ಲಿ ಗೆರಿನೋ ಎಂಬ ಫ್ರೆಂಚ್ ವಿದ್ವಾಂಸ 850 ಜೈನ ಶಾಸನಗಳ ಸಾರವನ್ನು ಕ್ರೋಡೀಕರಿಸಿ ಪ್ರಕಟಿಸಿದನು. ಅದರ ದೊಡ್ಡ ಪಾಲು ಕನ್ನಡನಾಡಿನ ಶಾಸನಗಳದು. ನಮ್ಮವರು ದಿನನಿತ್ಯ ಬಳಸುವ ಹಿಂದಿಯ ಜೈನ ಶಿಲಾಲೇಖ ಸಂಗ್ರಹದ ಎರಡನೆಯ ಮತ್ತು ಮೂರನೆಯ ಭಾಗಗಳು ಆ ಫ್ರೆಂಚ್ ಸೂಚಿಯನ್ನೇ ಆಧರಿಸಿ ಸಿದ್ಧವಾದವು. ಅಂದರೆ ಕನ್ನಡದ ಕಲ್ಲಿನ ಮಾತು ಫ್ರೆಂಚಿಗೆ ಹೋಗಿ, ಹಿಂದಿಗೆ ಬಂದು, ಮತ್ತೆ ಕನ್ನಡಕ್ಕೆ ಬರುತ್ತಿದೆ. ನಾವು ಫ್ರೆಂಚನ್ನು ಓದುತ್ತಲೇ ಇದ್ದೇವೆ, ಮೂರನೆಯ ಕೈಯಿಂದ.

ಆಗಬೇಕಾದ ಕೆಲಸಗಳು ಅಸಾಧ್ಯವಾದವುಗಳಲ್ಲ. ಮೊದಲನೆಯದಾಗಿ, ದುಬ್ವಾನ ಗ್ರಂಥದ ಕನ್ನಡ ಆವೃತ್ತಿಯೊಂದು ಬರಬೇಕು. ಅದರಲ್ಲಿ 1777ರ ಪಾಠದಿಂದ ಬಂದ ಭಾಗಗಳು ಪ್ರತ್ಯೇಕವಾಗಿ ಕಾಣುವಂತಿರಬೇಕು. ಮುರ್ ಅವರ ಸಂಪುಟಗಳು ಕೈಯಲ್ಲಿರುವಾಗ ಅದು ಒಬ್ಬಿಬ್ಬರು ವಿದ್ವಾಂಸರ ಕೆಲವು ವರ್ಷಗಳ ದುಡಿಮೆ. ಅದು ಬರುವವರೆಗೆ ದುಬ್ವಾನ ಮಾತನ್ನು ಉದ್ಧರಿಸುವವರು ಕೋರ್ದೂವಿನ ಹೆಸರನ್ನೂ ಹೇಳಲಿ. ಅದಕ್ಕೆ ಹಣವೂ ಬೇಡ, ಸಮಿತಿಯೂ ಬೇಡ. ಎರಡನೆಯದಾಗಿ, ನಮ್ಮ ವಿಶ್ವವಿದ್ಯಾಲಯಗಳ ಇತಿಹಾಸ ಮತ್ತು ಹಸ್ತಪ್ರತಿಶಾಸ್ತ್ರ ವಿಭಾಗಗಳು ವರ್ಷಕ್ಕೆ ಇಬ್ಬರಿಗಾದರೂ ಹದಿನೆಂಟನೆಯ ಶತಮಾನದ ಫ್ರೆಂಚ್ ಕೈಬರಹವನ್ನು ಓದಲು ಕಲಿಸಬೇಕು. ಮೋಡಿ ಲಿಪಿಗೆ ತರಬೇತಿ ಕೊಡುವ ನಾವು ಇದನ್ನು ಮಾಡಲಾರೆವೇ? ಮೂರನೆಯದಾಗಿ, ಎಕ್ಸ್ ಆಂ ಪ್ರೊವಾಂಸ್ ಪಟ್ಟಣದ ಸಾಗರೋತ್ತರ ಪತ್ರಾಗಾರದಲ್ಲಿ, ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ, ವಿದೇಶೀ ಮಿಶನ್ ಸಂಘದ ದಫ್ತರದಲ್ಲಿ ಮೈಸೂರು, ಮಂಗಳೂರು, ಶ್ರೀರಂಗಪಟ್ಟಣಗಳಿಗೆ ಸಂಬಂಧಿಸಿದ ಪತ್ರಗಳ ಒಂದು ಸೂಚಿ ಕನ್ನಡದಲ್ಲಿ ಸಿದ್ಧವಾಗಬೇಕು. 1997ರಿಂದ ಗಾಲಿಕಾ ಎಂಬ ಜಾಲತಾಣದ ಮೂಲಕ ಆ ರಾಷ್ಟ್ರೀಯ ಗ್ರಂಥಾಲಯ ತನ್ನ ಸಂಗ್ರಹವನ್ನು ಎಲ್ಲರಿಗೂ ತೆರೆಯುತ್ತ ಬಂದಿದೆ. ಪ್ರಯಾಣದ ಖರ್ಚು ಎಂಬ ಹಳೆಯ ನೆಪ ಸವೆದುಹೋಗಿದೆ.

ನಾಲ್ಕನೆಯದು ನಮ್ಮ ಮನೆಯ ಕೆಲಸ. ಕಳೆದ ಶತಮಾನದ ನಮ್ಮ ಪಂಡಿತರು ಪುಸ್ತಕ ಬರೆಯುವುದಕ್ಕಿಂತ ಹೆಚ್ಚು ಪತ್ರ ಬರೆದರು. ಪಾಠನಿರ್ಣಯಗಳು, ಜಗಳಗಳು, ಸಂದೇಹಗಳು, ಹೊಸ ಓಲೆಗಳ ಸುದ್ದಿ ಎಲ್ಲವೂ ಅಂಚೆ ಕಾರ್ಡುಗಳಲ್ಲಿ ಓಡಾಡಿದವು. ಅವು ಇಂದು ಮೊಮ್ಮಕ್ಕಳ ಮನೆಯ ಅಟ್ಟಗಳಲ್ಲಿವೆ. ಮನೆ ಬದಲಿಸುವಾಗ ಹಳೆಯ ಪೇಪರಿನವನ ತಕ್ಕಡಿ ಏರುತ್ತಿವೆ. ಅಂಥ ಪತ್ರಗಳು ಯಾರ ಬಳಿಯಾದರೂ ಇದ್ದರೆ ಅವನ್ನು ತೂಕಕ್ಕೆ ಹಾಕಬೇಡಿ. ಬರೆದವರು, ಪಡೆದವರು, ದಿನಾಂಕ ಈ ಮೂರನ್ನು ಒಂದು ಹಾಳೆಯಲ್ಲಿ ಗುರುತಿಸಿ, ಲಕೋಟೆಗಳನ್ನೂ ಎಸೆಯದೆ, ಹತ್ತಿರದ ಮಠದ ಭಂಡಾರಕ್ಕೋ ಸಂಶೋಧನ ಸಂಸ್ಥೆಗೋ ಒಪ್ಪಿಸಿ. ಒಪ್ಪಿಸುವ ಮೊದಲು ಒಂದು ಪ್ರತಿ ಮಾಡಿಟ್ಟುಕೊಳ್ಳಿ.

ಪುದುಚೇರಿಯಲ್ಲಿ ಎಂಬತ್ತೆಂಟನೆಯ ವಯಸ್ಸಿನಲ್ಲಿ ಕಣ್ಣುಮುಚ್ಚಿದ ಕೋರ್ದೂವಿಗೆ ತನ್ನ ಸಂಘವೇ ಉಳಿದಿರಲಿಲ್ಲ, ತನ್ನ ಬರಹವನ್ನು ತನ್ನದೆಂದು ಹೇಳುವ ಶಿಷ್ಯರಿರಲಿಲ್ಲ. ಆತನಿಗೆ ನ್ಯಾಯ ದೊರೆಯಲು ಇನ್ನೂರ ಎಂಟು ವರ್ಷಗಳು ಬೇಕಾದವು. ಅದನ್ನು ದೊರಕಿಸಿದವರು ಹಸ್ತಪ್ರತಿಗಳನ್ನು ಅಕ್ಕಪಕ್ಕ ಇಟ್ಟು ಓದುವ ತಾಳ್ಮೆಯಿದ್ದ ಒಬ್ಬ ವಿದುಷಿ. ಆ ಓದಿನ ಫಲ ಅಚ್ಚಾಗಿ ನಮ್ಮ ಮುಂದಿದೆ. ಅದನ್ನು ನೋಡಿದ ಮೇಲೂ ‘ಅಬ್ಬೆ ದುಬ್ವಾ ಕಣ್ಣಾರೆ ಕಂಡಂತೆ’ ಎಂದು ಬರೆಯುವವರು ಇನ್ನು ಮುಂದೆ ಅದಕ್ಕೆ ತಾವೇ ಹೊಣೆಗಾರರು.